"ಏನಂದ್ಲು ನಮ್ಮ ಹುಡುಗಿ, ಒಂಚೂರು ಹೇಳ್ರಿ"

ಬಳ್ಳಾರಿಯಲ್ಲಿ ಆಪ್ತಸಮಾಲೋಚಕರನ್ನು ಎಲ್ಲರೂ ಕೇಳುವ ಪ್ರಶ್ನೆ ಒಂದೇ. ಮಗಳನ್ನು ಒಳಗೆ ಕಳಿಸಿ ಮುಕ್ಕಾಲು ಗಂಟೆ ಬೆಂಚಿನ ಮೇಲೆ ಕೂತಿರುತ್ತಾರೆ. ಅವಳು ಹೊರಬಂದು ನೀರು ಕುಡಿಯುವಷ್ಟರಲ್ಲಿ ಇವರು ಒಳಗೆ ನುಗ್ಗಿರುತ್ತಾರೆ. "ಏನಂದ್ಲು ಸರ್ರೆ? ಒಂಚೂರು ಹೇಳ್ರಿ. ನಾವೇನ್ ಹೊರಗಿನೋರಾ?"

ಹೇಳುವುದಿಲ್ಲ. ನೀವು ಹೊರಗಿನವರಲ್ಲ, ಅದಕ್ಕೇ ಹೇಳುವುದಿಲ್ಲ. ಒಳಗೆ ಬರುವ ಮಾತಿನಲ್ಲಿ ಬಹುಪಾಲು ಮನೆಯವರದೇ ಇರುತ್ತದೆ. ಆ "ಒಂಚೂರು" ಅಂತೂ ಬೇಡವೇ ಬೇಡ. ನನ್ನಿಂದ ಒಂದು ಎಳೆ ಸಿಕ್ಕರೆ ಉಳಿದದ್ದನ್ನು ಮನೆಗೆ ಹೋಗುವ ಆಟೋದಲ್ಲೇ ಅವಳ ಬಾಯಿಂದ ಎಳೆಯುತ್ತೀರಿ. "ಸರ್ರು ಎಲ್ಲಾ ಹೇಳ್ಯಾರ, ಸುಮ್ಕ ಒಪ್ಕೋ" ಅಂತ ಒಂದು ಸುಳ್ಳೂ ಸೇರುತ್ತದೆ. ಮುಂದಿನ ವಾರ ಅವಳು ಬರುವುದಿಲ್ಲ. ಬಂದರೂ ಪರೀಕ್ಷೆಯ ಟೈಂಟೇಬಲ್ ಬಿಟ್ಟು ಬೇರೇನೂ ಮಾತಾಡುವುದಿಲ್ಲ. ಫೀಸು ಕೊಡುವವರು ನೀವೇ, ಒಪ್ಪಿದೆ. ಅದು ನನ್ನ ಸಮಯಕ್ಕೆ ಕೊಟ್ಟದ್ದು. ಸಿರುಗುಪ್ಪದ ಸೋನಾ ಮಸೂರಿ ಮೂಟೆ ತಂದಿಟ್ಟರೂ ಉತ್ತರ ಇದೇ, ಮೂಟೆಯೂ ವಾಪಸ್.

ಹಾಗಂತ ಬಾಯಿಗೆ ಹೊಲಿಗೆ ಹಾಕಿಕೊಂಡು ಕೂತಿಲ್ಲ. ಎಲ್ಲಿ ಬಾಯಿ ಬಿಡಬೇಕಾಗುತ್ತದೆ ಎಂಬುದನ್ನು ಮೊದಲ ದಿನವೇ, ಅಪ್ಪ ಅಮ್ಮ ಮಗಳು ಮೂವರನ್ನೂ ಒಟ್ಟಿಗೆ ಕೂರಿಸಿ ಹೇಳಬೇಕು. ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳಿದರೆ ಒಬ್ಬೊಬ್ಬರೂ ಬೇರೆ ಬೇರೆ ಕೇಳಿಸಿಕೊಂಡಿರುತ್ತಾರೆ. ಬಾಯಿ ಬಿಡುವುದು ಇಂಥ ಕಡೆ: ಅವಳ ಜೀವಕ್ಕೆ ಅಪಾಯವಿದ್ದರೆ, ಅವಳಿಂದ ಇನ್ನೊಬ್ಬರಿಗೆ ಅಪಾಯವಿದ್ದರೆ, ಕೋರ್ಟು ಆದೇಶಿಸಿದರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಕೂಡ ಗೋಪ್ಯತೆಯನ್ನು ರೋಗಿಯ ಹಕ್ಕು ಎಂದು ಹೇಳಿ, ಇಂಥವನ್ನೂ ಹೊರಗಿಟ್ಟಿದೆ.

ಇನ್ನೊಂದು, ಹದಿನೆಂಟರೊಳಗಿನವರ ಮೇಲಿನ ಲೈಂಗಿಕ ದೌರ್ಜನ್ಯ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಆರು ತಿಂಗಳವರೆಗೆ ಜೈಲಾಗಬಹುದು. ತಮಾಷೆಯೆಂದರೆ, "ಎಲ್ಲಾ ಹೇಳ್ರಿ" ಎಂದು ದುಂಬಾಲು ಬಿದ್ದವರೇ ಆಗ ದನಿ ತಗ್ಗಿಸುತ್ತಾರೆ: "ಮರ್ಯಾದಿ ಪ್ರಶ್ನೆ ಸರ್ರೆ, ಯಾರಿಗೂ ಹೇಳಬ್ಯಾಡ್ರಿ, ಹಿರೇರನ್ನ ಕೂಡ್ಸಿ ಬಗಿಹರಿಸ್ಕೋತೀವಿ." ಅಲ್ಲಿಯವರೆಗೆ ಗುಟ್ಟು ಎಂದರೆ ಅವರಿಗೆ ನನ್ನ ಸೊಕ್ಕಾಗಿತ್ತು.

ಜೀವದ ಅಪಾಯವಿದ್ದಾಗಲೂ ಎಲ್ಲವನ್ನೂ ಸುರಿಯುವುದಿಲ್ಲ. ಮೊದಲು ಅವಳಿಗೇ ಹೇಳುತ್ತೇನೆ: ಇಂತಿಂಥದ್ದನ್ನು ನಿಮ್ಮಪ್ಪನಿಗೆ ಹೇಳುತ್ತೇನೆ, ನೀನೂ ಇಲ್ಲೇ ಕೂತಿರು. ಆಮೇಲೆ ಅಪ್ಪನಿಗೆ ಮಾಡಬೇಕಾದ ಕೆಲಸವನ್ನಷ್ಟೇ ಹೇಳುತ್ತೇನೆ. ಹತ್ತಿ, ಮೆಣಸಿನಕಾಯಿ ಬೆಳೆಯುವ ಮನೆಯಾದರೆ ಹೊಲಕ್ಕೆ ಹೊಡೆಯುವ ಎಣ್ಣೆಯ, ಅಂದರೆ ಕೀಟನಾಶಕದ, ಡಬ್ಬಿಗಳು ಇವತ್ತೇ ಮನೆಯಿಂದ ಹೊರಗೆ ಹೋಗಬೇಕು, ಬೀಗ ಬೀಳಬೇಕು, ಬೀಗದ ಕೈ ಹಿರಿಯರೊಬ್ಬರ ಹತ್ತಿರ ಇರಬೇಕು. ಮಾತ್ರೆಗಳಿಗೂ ಇದೇ. ರಾತ್ರಿ ಅವಳೊಬ್ಬಳೇ ಮಲಗುವುದು ಬೇಡ. ನಾಳೆಯೇ ಮನೋವೈದ್ಯರನ್ನು ಕಾಣಬೇಕು, ನಡುರಾತ್ರಿ ಕೈಕಾಲು ಆಡದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನು ಮಾಡಬೇಕು. ಹುಡುಗ ಯಾರು, ಯಾವ ಜಾತಿ ಎಂಬುದರಿಂದ ಡಬ್ಬಿಗೆ ಬೀಗ ಬೀಳುವುದಿಲ್ಲ, ಆದ್ದರಿಂದ ಅದು ನನ್ನ ಬಾಯಿಂದ ಬರುವುದಿಲ್ಲ.

ಇಷ್ಟು ಕೇಳುವವರು ಒಂದನ್ನು ಮಾತ್ರ ಕೇಳುವುದೇ ಇಲ್ಲ: ಬರೆದುಕೊಂಡದ್ದನ್ನು ಎಲ್ಲಿ ಇಡುತ್ತೀರಿ?

1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಮಾನಸಿಕ ಚಿಕಿತ್ಸೆ ಕೊಡಿಸಿ ನೋಡಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದೂ ಅದೇ. ಚಿಕಿತ್ಸೆ ಊರ ಹತ್ತಿರ ಬಂತು, ಒಳ್ಳೆಯದೇ. ಆದರೆ ಹತ್ತಿರ ಬಂದರೆ ಪಕ್ಕದ ಬೆಂಚಿನಲ್ಲಿ ಬೀಗರು ಕೂತಿರುತ್ತಾರೆ, ಚೀಟಿ ಬರೆಯುವವರು ನಿಮ್ಮ ಓಣಿಯವರೇ ಆಗಿರುತ್ತಾರೆ. ಸಮಾಲೋಚಕರ ಬಾಯಿ ಭದ್ರವಾಗಿದ್ದರೂ ಸುದ್ದಿ ಸೋರುವುದು ಇಂಥ ಕಡೆ.

ಆದ್ದರಿಂದ ಕೇಳಿ. ಫೈಲಿನ ಮೇಲೆ ಹೆಸರಿದೆಯೋ ನಂಬರಿದೆಯೋ? ನಂಬರಿನಿಂದ ಹೆಸರು ಹುಡುಕುವ ರಿಜಿಸ್ಟರ್ ಬೇರೆ ಕಪಾಟಿನಲ್ಲಿದೆಯೋ, ಅದೇ ಮೇಜಿನ ಮೇಲೆ ಬಿದ್ದಿದೆಯೋ? ಬೀಗದ ಕೈ ಎಷ್ಟು ಜನರ ಹತ್ತಿರ ಇದೆ? ಶಾಲೆಯ ಸಮಾಲೋಚಕರಾದರೆ ಹೆಡ್‌ಮಾಸ್ತರರು ಆ ಕಪಾಟು ತೆಗೆಯಬಹುದೇ? ಸಮಾಲೋಚಕರಿಗೆ ವರ್ಗವಾದರೆ ಫೈಲು ಯಾರ ಕೈಗೆ ಹೋಗುತ್ತದೆ? ಒಳಗೆ ಹೇಗೆ ಬರೆದಿದೆ ಎಂಬುದೂ ಮುಖ್ಯ. "ತಂದೆ ಕುಡುಕ" ಎಂದು ಬರೆಯುವುದು ತಪ್ಪು. "ತಂದೆ ಕುಡಿಯುತ್ತಾರೆಂದು ಹೇಳಿದಳು" ಎಂದಿರಬೇಕು. ವಿಚ್ಛೇದನದ ಕೇಸಿನಲ್ಲಿ ಆ ಹಾಳೆಯನ್ನು ಕೋರ್ಟು ತರಿಸಿಕೊಂಡರೆ ಈ ಎರಡು ವಾಕ್ಯಗಳ ನಡುವೆ ಎಷ್ಟು ವ್ಯತ್ಯಾಸವಿದೆ ಎಂದು ನಿಮ್ಮ ವಕೀಲರನ್ನೇ ಕೇಳಿ ನೋಡಿ.

ಫೋನಿನದು ಇನ್ನೂ ಕಷ್ಟ. ವಾಟ್ಸಾಪ್ ಮನೆಯ ಲ್ಯಾಪ್‌ಟಾಪಿನಲ್ಲೂ ತೆರೆದಿದ್ದರೆ ಅವಳು ರಾತ್ರಿ ಕಳಿಸಿದ ಮೆಸೇಜು ಸಮಾಲೋಚಕರ ಮನೆಮಂದಿಗೆಲ್ಲ ಕಾಣುತ್ತದೆ. ಅದಕ್ಕೇ ವಾಟ್ಸಾಪಿನಲ್ಲಿ ಸಮಯ ಗೊತ್ತುಮಾಡಿಕೊಳ್ಳುವುದಷ್ಟೇ ಇರಬೇಕು, ಕಷ್ಟಸುಖ ಬೇಡ. ಫೋನ್‌ಪೇ ಮಾಡಿದರೆ ಪಾವತಿ ಪಟ್ಟಿಯಲ್ಲಿ ಕೇಂದ್ರದ ಹೆಸರು ಉಳಿಯುತ್ತದೆ. ಗಂಡನಿಗೆ ಹೇಳದೆ ಬಂದ ಹೆಂಗಸಿನ ಫೋನನ್ನು ಗಂಡ ನೋಡುತ್ತಾನೆಂದರೆ ಅವಳಿಂದ ನಗದು ತೆಗೆದುಕೊಳ್ಳಬೇಕು, ರಸೀದಿ ಬೇಕೋ ಬೇಡವೋ ಎಂದು ಅವಳನ್ನೇ ಕೇಳಬೇಕು.