ಕಿವಿ ಮಂದವಾದವರಿಗೆ ಫೋನ್ ಬಂದದ್ದು ಗೊತ್ತಾಗಬೇಕೆಂದರೆ

ಯಾರೂ ಎತ್ತದಿದ್ದರೆ ಮೊಬೈಲ್ 30 ಸೆಕೆಂಡ್, ಲ್ಯಾಂಡ್‌ಲೈನ್ 60 ಸೆಕೆಂಡ್ ರಿಂಗ್ ಆಗಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2019ರಲ್ಲಿ ನಿಗದಿ ಮಾಡಿತು. ಕಿವಿ ಮಂದವಾದ ಹಿರಿಯರು ಫೋನ್ ಬಂದದ್ದನ್ನು ಗಮನಿಸಿ, ಎದ್ದು, ಕನ್ನಡಕ ಹುಡುಕಿ ಎತ್ತುವುದೆಲ್ಲ ಅಷ್ಟರೊಳಗೇ ಮುಗಿಯಬೇಕು. ಹಾಗಾಗಿ ಮೊದಲ ಐದಾರು ಸೆಕೆಂಡಿನಲ್ಲೇ ಗೊತ್ತಾಗುವ ಏರ್ಪಾಡು ಬೇಕು.

ಸೌಂಡ್ ಪೂರ್ತಿ ಏರಿಸಿದರೂ ಕೇಳಿಸುವುದಿಲ್ಲ ಅನ್ನುತ್ತಾರಲ್ಲ, ತಪ್ಪು ಹೆಚ್ಚಾಗಿ ರಿಂಗ್‌ಟೋನಿನದು. ವಯಸ್ಸಾದಂತೆ ಮೊದಲು ಕುಗ್ಗುವುದು ಕೀರಲು ಸ್ವರಗಳನ್ನು ಕೇಳುವ ಶಕ್ತಿ. ಹಕ್ಕಿಯ ಚಿಲಿಪಿಲಿ, ಸಣ್ಣ ಗಂಟೆಯ ಕಿಣಿಕಿಣಿ ತೆಗೆದುಹಾಕಿ. ತೀರಾ ತಗ್ಗಿನ ಸ್ವರವನ್ನು ಫೋನಿನ ಪುಟ್ಟ ಸ್ಪೀಕರ್ ಹೊರಡಿಸಲಾರದು, ಆದ್ದರಿಂದ ನಡುವಿನ ಸ್ವರದ, ಅಂದರೆ 500ರಿಂದ 1000 ಹರ್ಟ್ಜ್ ಆಸುಪಾಸಿನ, ಬಿಟ್ಟುಬಿಟ್ಟು ಬಡಿಯುವ ಟೋನ್ ಆರಿಸಿ.

ಆಮೇಲೆ ಫ್ಲ್ಯಾಶ್, ಅಂದರೆ ಕರೆ ಬಂದಾಗ ಕ್ಯಾಮೆರಾದ ದೀಪ ಮಿನುಗುವ ಏರ್ಪಾಡು. ಐಫೋನಿನಲ್ಲೂ ಆಂಡ್ರಾಯ್ಡ್ 14ರಿಂದ ಈಚಿನ ಫೋನುಗಳಲ್ಲೂ ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗ್ಸ್‌ನಲ್ಲೇ ಇದು ಸಿಗುತ್ತದೆ, ಬೇರೆ ಆ್ಯಪ್ ಬೇಡ. ಕ್ಯಾಮೆರಾದ ದೀಪ ಇರುವುದು ಫೋನಿನ ಬೆನ್ನಿಗೆ. ಪರದೆ ಮೇಲೆ ಮಾಡಿ ಟೇಬಲ್ ಮೇಲಿಟ್ಟರೆ ಬೆಳಕೆಲ್ಲ ಮರದೊಳಕ್ಕೆ ಹೋಗುತ್ತದೆ. ಬೋರಲು ಇಡಿ, ಅಥವಾ ಸ್ಟ್ಯಾಂಡಿನಲ್ಲಿ ನಿಲ್ಲಿಸಿ. ಮನೆಯಲ್ಲಿ ಮೂರ್ಛೆ ರೋಗ ಇರುವವರಿದ್ದರೆ ಫ್ಲ್ಯಾಶ್ ಬೇಡವೇ ಬೇಡ.

ಅಡುಗೆಮನೆ, ಹಿತ್ತಲು ಎಂದು ಓಡಾಡುವವರಿಗೆ, ಕರೆ ಬಂದಾಗ ನಡುಗುವ, ಕೈಗೆ ಕಟ್ಟುವ ಬ್ಯಾಂಡೇ ಸರಿ. ಆದರೆ ಬ್ಲೂಟೂತ್ ಸುಮಾರು ಹತ್ತು ಮೀಟರ್ ಮಾತ್ರ, ನಡುವೆ ಗೋಡೆ ಬಂದರೆ ಅದೂ ಇಲ್ಲ. ಒಂದು ವಾರ ಚೆನ್ನಾಗಿದ್ದ ಬ್ಯಾಂಡ್ ಇದ್ದಕ್ಕಿದ್ದಂತೆ ನಡುಗುವುದು ನಿಲ್ಲಿಸಿದರೆ ರಿಪೇರಿಗೆ ಒಯ್ಯುವ ಮೊದಲು ಫೋನಿನ ಬ್ಯಾಟರಿ ಸೆಟ್ಟಿಂಗ್ ನೋಡಿ: ಉಳಿತಾಯದ ಹೆಸರಿನಲ್ಲಿ ಫೋನ್ ಬ್ಯಾಂಡಿನ ಆ್ಯಪನ್ನು ಮುಚ್ಚಿರಬಹುದು. ಆ್ಯಪಿಗೆ ನಿರ್ಬಂಧವಿಲ್ಲದ ಬ್ಯಾಟರಿ ಬಳಕೆ ಕೊಡಿ, ಕರೆ ಮತ್ತು ನೋಟಿಫಿಕೇಶನ್ ಅನುಮತಿಗಳನ್ನೂ ಕೊಡಿ.

ನಿಜವಾದ ಕಷ್ಟ ರಾತ್ರಿಯದು. ಶ್ರವಣ ಸಾಧನ ತೆಗೆದಿಟ್ಟಿರುತ್ತಾರೆ, ಕಣ್ಣು ಮುಚ್ಚಿರುತ್ತದೆ. ಆಗ ನಂಬಬಹುದಾದದ್ದು ಮೈಗೆ ತಾಗುವ ಕಂಪನ ಒಂದೇ. ದಿಂಬಿನಡಿಯ ವೈಬ್ರೇಟರ್ ಬಿಲ್ಲೆ ಇದಕ್ಕೆಂದೇ ಇದೆ. ಕೊಳ್ಳುವ ಮೊದಲು ಒಂದು ಕೇಳಿ: ಫೋನ್ ಕರೆಗೆ ನಡುಗುತ್ತದೆಯೋ, ಬರೀ ಅಲಾರಂಗೋ? ಅದನ್ನು ದಪ್ಪ ಹತ್ತಿ ಹಾಸಿಗೆಯ ಕೆಳಗೆ ತುರುಕಿದರೆ ಹತ್ತಿಯೇ ಕಂಪನ ನುಂಗುತ್ತದೆ. ದಿಂಬಿನ ಕವರಿನೊಳಗೆ, ದಿಂಬಿನ ಕೆಳಭಾಗಕ್ಕೆ ಸೇರಿಸಿ. ಕರೆಗಳನ್ನು ಸದ್ದಿಲ್ಲದಂತೆ ತಡೆಯುವ, ಫೋನಿನ ಡು ನಾಟ್ ಡಿಸ್ಟರ್ಬ್ ಸೆಟ್ಟಿಂಗ್ ರಾತ್ರಿ ತಾನಾಗಿ ಶುರುವಾಗುವಂತೆ ಇದ್ದರೆ ಇಷ್ಟೆಲ್ಲ ವ್ಯರ್ಥ. ಮಕ್ಕಳು, ಪಕ್ಕದ ಮನೆಯವರು, ವೈದ್ಯರ ನಂಬರುಗಳಿಗೆ ಅದರಲ್ಲಿ ವಿನಾಯಿತಿ ಕೊಡಿ. ವಿದೇಶದಲ್ಲಿರುವ ಮಕ್ಕಳು ವಾಟ್ಸಾಪಿನಲ್ಲೇ ಕರೆ ಮಾಡುವುದಾದರೆ ಆ ಕರೆಗೂ ಫ್ಲ್ಯಾಶ್, ಬ್ಯಾಂಡ್, ಬಿಲ್ಲೆ ಮೂರೂ ಕೆಲಸ ಮಾಡುತ್ತವೆಯೇ ಎಂದು ಬೇರೆಯಾಗಿ ನೋಡಬೇಕು.

ಲ್ಯಾಂಡ್‌ಲೈನಿಗೆ ಮಿನುಗುವ ದೀಪ ಹಾಕುವುದು ಸುಲಭ. ಒಂದು ಲೈನನ್ನು ಎರಡಾಗಿಸುವ ಸ್ಪ್ಲಿಟರ್ ಸಿಕ್ಕಿಸಿ ಫೋನಿನ ಜೊತೆಗೇ ಜೋಡಿಸಿದರಾಯಿತು, ಕರೆಯ ರಿಂಗ್ ವೋಲ್ಟೇಜ್ ಬಂದಾಗ ದೀಪ ಎಚ್ಚರಗೊಳ್ಳುತ್ತದೆ. ಫೈಬರ್ ಬಂದ ಮನೆಗಳಲ್ಲಿ ಗೋಡೆಯ ಹಳೇ ಸಾಕೆಟ್‌ಗಲ್ಲ, ಮೋಡೆಮಿನ ಫೋನ್ ಪೋರ್ಟಿಗೆ ಜೋಡಿಸಿ. ಮೋಡೆಮ್ ಯುಪಿಎಸ್ ಮೇಲಿರಲಿ, ಕರೆಂಟ್ ಹೋದರೆ ಫೋನೂ ಹೋಗುತ್ತದೆ.

ಪರೀಕ್ಷೆಯನ್ನು ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ಮಾಡಬೇಡಿ. ಮನೆಯಲ್ಲಿ, ಫೋನ್ ಲಾಕ್ ಆಗಿ ಅರ್ಧ ಗಂಟೆ ಕಳೆದ ಮೇಲೆ, ಅವರು ಶ್ರವಣ ಸಾಧನ ತೆಗೆದು ಮಲಗಿದ್ದಾಗ ಕರೆ ಮಾಡಿ.