ಎಷ್ಟೊತ್ತು ಹಂಗ ಬಿಡ್ತೀರಿ?

ಭಾನುವಾರದಿಂದ ಅವ್ವನ ಒಂದು ಪ್ರಶ್ನೆ ನನ್ನ ತಲೆಯಿಂದ ಹೋಗುತ್ತಿಲ್ಲ. "ಗ್ಯಾಸ್ ತುಂಬಿ ಎಷ್ಟೊತ್ತು ಹಂಗ ಬಿಡ್ತೀರೋ ತಮ್ಮಾ?"

ಅಕ್ಕನ ಮಗ ರಜೆಗೆ ಧಾರವಾಡಕ್ಕೆ ಬಂದಿದ್ದ. ಪೆಟ್ರೋಲಿಯಂ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್ ಮಾಡುತ್ತಿದ್ದಾನೆ. ಏನು ಓದ್ತೀಯಪ್ಪಾ ಅಂತ ಕಾಕಾ ಕೇಳಿದರು. ಹುಡುಗ ಖುಷಿಯಿಂದ ಶುರು ಮಾಡಿದ. ಅಮೆರಿಕದ ನಾರ್ತ್ ಡಕೋಟಾದಲ್ಲಿ ಬಾಕನ್ ಅನ್ನುವ ಬಂಡೆಪದರ ಇದೆ. ಸುಮಾರು 36 ಕೋಟಿ ವರ್ಷ ಹಳೆಯದು. ಎಣ್ಣೆ ಬೇಕಾದಷ್ಟಿದೆ, ಆದರೆ ಕಲ್ಲು ಬಹಳ ಬಿಗಿ. ಅದಕ್ಕೆ ಒತ್ತಡದ ನೀರು ಬಿಟ್ಟು ಕಲ್ಲು ಸೀಳುತ್ತಾರೆ. ಸೀಳಿನ ಪಕ್ಕದ ಎಣ್ಣೆ ಮೊದಲು ಭರ್ರನೆ ಬಂದು, ಒಂದೆರಡು ವರ್ಷದಲ್ಲಿ ಇಳಿದುಬಿಡುತ್ತದೆ. ಇಂಥ ಕಲ್ಲಿನಲ್ಲಿ ಸಾಮಾನ್ಯವಾಗಿ ನೂರಕ್ಕೆ 90 ಪಾಲು ಎಣ್ಣೆ ಒಳಗೇ ಉಳಿಯುತ್ತದೆ.

ಆ ಉಳಿದ ಎಣ್ಣೆಯನ್ನು ತಳ್ಳಲು ನೀರು ನುಗ್ಗಿಸೋಣ ಅಂದರೆ ಅಷ್ಟು ಸಣ್ಣ ರಂಧ್ರದಲ್ಲಿ ನೀರು ಹೋಗುವುದೇ ಕಷ್ಟ. ಗ್ಯಾಸ್ ಹೋಗುತ್ತದೆ. ಅದೇ ಬಾವಿಗೆ ಕಾರ್ಬನ್ ಡೈಆಕ್ಸೈಡನ್ನೋ ನೈಸರ್ಗಿಕ ಅನಿಲವನ್ನೋ ಜೋರು ಒತ್ತಡದಲ್ಲಿ ತುಂಬಿ ಬಾಯಿ ಮುಚ್ಚುತ್ತಾರೆ. ಗ್ಯಾಸ್ ಬೆರೆತ ಎಣ್ಣೆ ಉಬ್ಬುತ್ತದೆ, ತೆಳ್ಳಗಾಗುತ್ತದೆ. ಬಾಯಿ ತೆಗೆದರೆ ಹೊರಗೆ ಬರುತ್ತದೆ. ಮತ್ತೆ ತುಂಬು, ಮತ್ತೆ ತೆಗಿ. ಹಫ್ ಅಂಡ್ ಪಫ್ ಅಂತಾರಂತೆ.

ಕಾಕಾ ಅಷ್ಟೊತ್ತಿಗೆ ಫೋನ್ ನೋಡುತ್ತಿದ್ದರು. ನಾನೂ ಸುಮ್ನೆ ತಲೆ ಆಡಿಸುತ್ತಿದ್ದೆ. ಆಗಲೇ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅವ್ವ ಆ ಪ್ರಶ್ನೆ ಕೇಳಿದ್ದು.

"ನಿಮಗ್ಯಾಕ್ರೀ ವೈನಿ ಅದೆಲ್ಲಾ? ಚಾ ಆತೇನ್ ನೋಡ್ರಿ" ಅಂದರು ಕಾಕಾ.

ಹುಡುಗ ಎದ್ದು ನಿಂತುಬಿಟ್ಟ. "ಅಮ್ಮಾ, ನಾ ಎರಡು ವರ್ಷದಿಂದ ಅದನ್ನ ಹುಡುಕಾಕತ್ತೀನಿ."

ಅವ್ವ ಅವನನ್ನು ಒಳಗೆ ಕರೆದೊಯ್ದಳು. ಒಲೆಯ ಕಟ್ಟೆಯ ಶಹಾಬಾದ್ ಫರ್ಸಿಯ ಮೇಲೆ ಹದಿನೈದು ದಿನದ ಹಿಂದೆ ಶೇಂಗಾ ಎಣ್ಣೆ ಚೆಲ್ಲಿತ್ತು. ಅಂಗೈ ಅಗಲದ ಕಪ್ಪು ಕಲೆ. ಸೋಪು ಹಾಕಿ ತಿಕ್ಕಿದರೆ ಹೋಗುತ್ತದೆ, ಮರುದಿನ ಮತ್ತೆ ಮೇಲೆ ಬರುತ್ತದೆ. ಅವ್ವ ಕಲೆಯ ಸುತ್ತ ಹಿಟ್ಟಿನ ಕಟ್ಟೆ ಕಟ್ಟಿ, ಹಳೆ ಬಾಟಲಿಯ ತಳದ ಚಿಮಣಿ ಎಣ್ಣೆ ಹನಿಸಿ, ಅರಿವೆ ಮುಚ್ಚಿ ಬಿಡುತ್ತಾಳೆ. ಆಮೇಲೆ ಜೋಳದ ಹಿಟ್ಟು ಉದುರಿಸಿ ಕಲೆಯನ್ನು ಎಳೆಯುತ್ತಾಳೆ.

"ಲಗೂನ ಒರಸಿದ್ರ ಮ್ಯಾಲಿಂದಷ್ಟ ಬರ್ತೈತಿ. ಭಾಳ ಹೊತ್ತು ಬಿಟ್ರ ಚಿಮಣಿ ಎಣ್ಣೀನ ಹಾರಿ ಹೊಕ್ಕೈತಿ."

ಬಾವಿಯದೂ ಹತ್ತಿರ ಹತ್ತಿರ ಇದೇ ಕಥೆ ಅಂದ ಅವನು. ಬೇಗ ತೆಗೆದರೆ ಗ್ಯಾಸ್ ಒಳಗೆ ಬೆರೆತಿರುವುದಿಲ್ಲ. ತಡ ಮಾಡಿದರೆ ಬಾವಿ ಸುಮ್ನೆ ನಿಂತಷ್ಟು ದಿನವೂ ನಷ್ಟ. ಕಲೆಯ ಸುತ್ತ ಹಿಟ್ಟಿನ ಕಟ್ಟೆ ಯಾಕೆ ಅಂತ ಕೇಳಿದ. ಇಲ್ಲಾಂದ್ರೆ ಸಂದಿಯಲ್ಲಿ ಹರಿದು ಪಕ್ಕದ ಫರ್ಸಿಗೆ ಹೋಗುತ್ತದೆ ಅಂದಳು. ತುಂಬಿದ ಗ್ಯಾಸೂ ಸೀಳಿನಲ್ಲಿ ನುಸುಳಿ ಪಕ್ಕದ ಬಾವಿಗೆ ಹೋಗಿಬಿಡುತ್ತದಂತೆ, ಅದೇ ದೊಡ್ಡ ತಲೆನೋವಂತೆ.

ನನಗೆ ಗದಗ ಕಡೆಯ ನಮ್ಮ ಹೊಲ ನೆನಪಾಯಿತು. ಮೊದಲ ಬೋರು ಬತ್ತಿದಾಗ ಅವ್ವ ಹೇಳಿದ್ದಳು, "ಒಂದು ಮಳಿಗಾಲ ಹಂಗ ಬಿಟ್ಟು ನೋಡ್ರಿ." ಯಾರೂ ಕೇಳಲಿಲ್ಲ. ಕಾಕಾ ಮರುವಾರವೇ ಬೋರಿನ ಲಾರಿ ಕರೆಸಿದರು. ನಾಲ್ಕು ಕೊರೆಸಿ ಸಾಲ ಮಾಡಿಕೊಂಡೆವು. ಎರಡು ಮಳೆಗಾಲ ಕಳೆದ ಮೇಲೆ ನೀರು ಬಂದದ್ದು ಆ ಮೊದಲ ಬೋರಿನಲ್ಲೇ. ಕಾಕಾ ಕೆಟ್ಟವರಲ್ಲ, ಅವಸರದವರು. ಆದರೆ ಅವ್ವನ ಮಾತು ಮುಗಿಯುವ ತನಕವಾದರೂ ಅವರು ಕೂರಬೇಕಿತ್ತು. ಅವತ್ತು ನಾನೂ ಅಲ್ಲೇ ಇದ್ದೆ, ಬಾಯಿ ಬಿಡಲಿಲ್ಲ. ಭಾನುವಾರವೂ ಬಿಡಲಿಲ್ಲ. ಅದು ನನಗೆ ಬಹಳ ಚುಚ್ಚುತ್ತಿದೆ.

ನಿನ್ನೆ ರಾತ್ರಿ ಹುಡುಗ ಫೋನ್ ಮಾಡಿದ. ನಾನು ಎತ್ತಿದ ಕೂಡಲೇ ಅಮ್ಮನಿಗೆ ಕೊಡು ಅಂದ. ಕಲೆ ಎಲ್ಲಿಗೆ ಬಂತು ಅಂತ ಕೇಳಿರಬೇಕು.

"ಇನ್ನೆರಡು ಸಲ ಹಾಕಬೇಕು ತಮ್ಮಾ. ಸಲದಿಂದ ಸಲಕ್ಕ ಕಮ್ಮಿ ಬರಾಕತ್ತೈತಿ. ನಿಮ್ಮಲ್ಲೂ ಹಂಗೇನು?"

ಆ ಕಡೆಯಿಂದ ಅವನು ಬಹಳ ಹೊತ್ತು ಮಾತಾಡಿದ. ಅವ್ವ ಸ್ಟೂಲ್ ಎಳೆದುಕೊಂಡು ಕೂತು ಕೇಳಿದಳು.