ಮೂವತ್ತು ಹಣದ ಸಾಲ: ನಮ್ಮ ಮನೆಯ ವಂಶವೃಕ್ಷದ ಮೂರನೇ ವರದಿ

ಅಜ್ಜನ ಅಜ್ಜ ಹುಟ್ಟಿದ ದಿನಾಂಕ ಇನ್ನೊಂದು ವಾರದಲ್ಲಿ ಕೈಸೇರಲಿದೆ ಎಂದು ಕಳೆದ ವರದಿಯ ಕೊನೆಯಲ್ಲಿ ಬಹಳ ಧೈರ್ಯದಿಂದ ಬರೆದಿದ್ದೆ. ಆ ಒಂದು ವಾರ ಒಂಬತ್ತು ವಾರವಾಯಿತು. ನಡುವೆ ಒಂದು ಕಿರುಪರೀಕ್ಷೆ ಬಂದು ಹೋಯಿತು, ಅದರಲ್ಲಿ ಗಣಿತದ ಅಂಕಗಳು ಎಲ್ಲಿ ಹೋದವೆಂಬುದನ್ನು ಈ ವರದಿ ಓದಿದವರು ತಾವೇ ಊಹಿಸಿಕೊಳ್ಳಬಹುದು. ಒಂಬತ್ತನೇ ತರಗತಿಯ ಸಮಾಜ ವಿಜ್ಞಾನದ ಯೋಜನೆಯಾಗಿ ಆರಂಭವಾದ ಕೆಲಸ ಇದು. ಅದಕ್ಕೆ ಅಂಕ ಕೊಟ್ಟು ಶಾಲೆಯವರು ಮರೆತೂ ಆಯಿತು, ನಾನು ಹತ್ತನೇ ತರಗತಿಗೆ ಬಂದೆ, ವಂಶವೃಕ್ಷ ಮಾತ್ರ ಮುಗಿಯುವ ಲಕ್ಷಣ ತೋರಿಸುತ್ತಿಲ್ಲ.

ಹಿರಿಯರ ಮಾತುಗಳ ಧ್ವನಿಮುದ್ರಣ, ಹಳೆಯ ಫೋಟೋಗಳ ಸ್ಕ್ಯಾನ್, ಗ್ರಾಂಪ್ಸ್ ಎಂಬ ವಂಶವೃಕ್ಷದ ತಂತ್ರಾಂಶದಲ್ಲಿ ಹೆಸರು ತುಂಬುವುದು, ಒಂದೇ ಹೆಸರಿನ ನಾಲ್ವರನ್ನು ಬೇರ್ಪಡಿಸುವುದು, ಇವೆಲ್ಲ ಈ ಹವ್ಯಾಸದವರಿಗೆ ಗೊತ್ತಿರುವ ಸಂಗತಿಗಳಾದ್ದರಿಂದ ಬಿಟ್ಟುಬಿಡುತ್ತೇನೆ. ಈ ಸಲ ಹೇಳಬೇಕಾದದ್ದು ಒಂದೇ ಒಂದು ಸಾಲಿನ ಕಥೆ. ರಾಣೆಬೆನ್ನೂರಿನ ಸಮೀಪದ ನಮ್ಮ ಹಳ್ಳಿಮನೆಯ ಅಟ್ಟದಲ್ಲಿ ಸಿಕ್ಕ ಕಿರ್ದಿ ಪುಸ್ತಕದ ಸಾಲು ಅದು. ಜೋಳ, ಎಣ್ಣೆ, ಎತ್ತಿನ ವ್ಯಾಪಾರ, ಆಳುಗಳ ಕೂಲಿ ಎಲ್ಲವನ್ನೂ ಟಾಕಿನಲ್ಲಿ ಬರೆದ ಆ ಪುಸ್ತಕದಲ್ಲಿ ಹುಳುಗಳು ಮನಸ್ಸಿಗೆ ಬಂದಲ್ಲಿ ಸುರಂಗ ಕೊರೆದಿವೆ. ತೂತುಗಳನ್ನು ಬಿಟ್ಟು ಉಳಿದದ್ದನ್ನು ಇದ್ದಂತೆಯೇ ನಕಲು ಮಾಡಿದರೆ ಆ ಸಾಲು ಹೀಗಿತ್ತು: ‘ಶಕೆ ೧೮… …ಳಂಬಿ ಸಂ|| ಪುಷ್ಯ ಬ|| ೩೦ ಮಂದ… …ಹಣ ಬಿಡುವ ವೇಳೆ’. ಅದರ ಮುಂದೆ ನಮ್ಮ ಮನೆತನದ ಹಿರಿಯರೊಬ್ಬರ ಹೆಸರು, ಹೆಸರಿಗೆ ಅಂಟಿಕೊಂಡ ‘ಗೆ’, ಆಮೇಲೆ ಮಾಸಿ ಹೋದ ಒಂದು ಸಣ್ಣ ಪದ.

ಲೆಕ್ಕದ ಪುಸ್ತಕದಲ್ಲಿ ‘೩೦’, ಅದೇ ಸಾಲಿನಲ್ಲಿ ‘ಹಣ’, ಕೊನೆಯಲ್ಲಿ ‘ಇಂಥವರಿಗೆ’ ಎಂದಿದ್ದರೆ ಯಾರಾದರೂ ಏನೆಂದು ಓದುತ್ತಾರೆ? ನಾನೂ ಹಾಗೆಯೇ ಓದಿದೆ. ನಮ್ಮ ಹಿರಿಯರಿಗೆ ಯಾರೋ ಮೂವತ್ತು ಹಣ ಕೊಟ್ಟಿದ್ದಾರೆ, ಅಥವಾ ಅವರ ಮೂವತ್ತು ಹಣದ ಸಾಲವನ್ನು ಯಾರೋ ಬಿಟ್ಟುಕೊಟ್ಟಿದ್ದಾರೆ ಎಂದು ತೀರ್ಮಾನಿಸಿದೆ. ಹಿಂದೆ ‘ಹಣ’ ಎಂಬ ಹೆಸರಿನ ನಾಣ್ಯವೇ ಇತ್ತೆಂದು ಪಾಠದಲ್ಲಿ ಓದಿದ್ದು ನೆನಪಾಗಿ, ಅದರ ಬಗ್ಗೆ ಎರಡು ಪುಟ ಟಿಪ್ಪಣಿಯನ್ನೂ ಬರೆದೆ. ಆ ಕಿರ್ದಿಯ ಉಳಿದ ಪ್ರತಿಯೊಂದು ಸಾಲೂ ರೂಪಾಯಿ, ಆಣೆ, ಪೈಗಳ ಲೆಕ್ಕದಲ್ಲಿದೆ ಎಂಬ, ಕಣ್ಣಿಗೆ ರಾಚುವಂಥ ಸಂಗತಿಯನ್ನು ಎರಡು ವಾರ ಗಮನಿಸಲೇ ಇಲ್ಲ. ಅಜ್ಜನಂತೂ ಆ ಸಾಲವನ್ನು ಬಹಳ ಗಂಭೀರವಾಗಿ ತೆಗೆದುಕೊಂಡರು. ‘ಯಾರಿಗೆ ಕೊಡಬೇಕಾಗಿತ್ತೋ ಏನೋ, ಬಡ್ಡಿ ಹಚ್ಚಿದರ ಹೊಲಾನ ಹೋಗತೈತಲ್ಲೋ ತಮ್ಮಾ’ ಎಂದು ಊಟಕ್ಕೆ ಕುಳಿತಾಗಲೆಲ್ಲ ನೆನಪಿಸುತ್ತಿದ್ದರು.

ಅನುಮಾನ ಹುಟ್ಟಿದ್ದು ಶಾಯಿಯಿಂದ. ಕಬ್ಬಿಣದ ಅಂಶವಿರುವ ಹಳೆಯ ಶಾಯಿ ಮಾಸಿ ಕಂದಾಗಿದ್ದರೆ, ಬಣ್ಣದ ಚಿತ್ರವನ್ನು ಕೆಂಪು, ಹಸಿರು, ನೀಲಿ ಪದರಗಳಾಗಿ ಒಡೆದು ನೀಲಿಯದನ್ನು ಮಾತ್ರ ನೋಡಿದಾಗ ಅಕ್ಷರ ಹೆಚ್ಚು ಕಪ್ಪಾಗಿ ಕಾಣುತ್ತದೆ. ಹಾಗೆ ನೋಡಿದರೂ ಕೊನೆಯ ಪದ ಮೂಡಲಿಲ್ಲ. ಅತಿನೇರಳೆ ಬೆಳಕಿನಲ್ಲಿ ಕಾಗದ ಮಂಕಾಗಿ ಹೊಳೆಯುವಾಗ ಈ ಶಾಯಿ ಕಪ್ಪಾಗಿಯೇ ಉಳಿಯುತ್ತದೆಂದು ತಿಳಿದು, ದಸರೆಗೆ ಬಂದ ದುಡ್ಡಿನಲ್ಲಿ 365 ನ್ಯಾನೋಮೀಟರಿನ ಟಾರ್ಚ್ ತರಿಸಿದೆ. ಬಂದದ್ದು ನೋಟು ಪರೀಕ್ಷಿಸುವ 395ರ ನೇರಳೆ ದೀಪ. ಪೆಟ್ಟಿಗೆಯ ಮೇಲೆ ಮಾತ್ರ 365 ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಹಿಂದಿರುಗಿಸುತ್ತೇನೆಂದರೆ, ‘ಬೆಳಕು ಬರುತ್ತಿದೆಯಲ್ಲವೇ?’ ಎಂಬ ಉತ್ತರ ಬಂತು. ಬರುತ್ತಿದೆ, ಅದರಲ್ಲಿ ನನ್ನ ಅಂಗಿಯ ಗುಂಡಿಗಳು ಬಹಳ ಚೆನ್ನಾಗಿ ಹೊಳೆಯುತ್ತವೆ. ಆಮ್ಲರಹಿತ ಲಕೋಟೆಗಳೆಂದು ಇನ್ನೊಬ್ಬ ವ್ಯಾಪಾರಿ ಕಳಿಸಿದವು ಮದುವೆಯ ಆಮಂತ್ರಣದ ಲಕೋಟೆಗಳಾಗಿದ್ದವು. ಒಂದರ ಮೂಲೆಯಲ್ಲಿ ಗಣಪತಿಯೂ ಇದ್ದ. ಈ ಹವ್ಯಾಸಕ್ಕೆ ಸಾಮಾನು ಮಾರುವವರು ನಮ್ಮನ್ನು ಏನೆಂದು ತಿಳಿದಿದ್ದಾರೋ ಕಾಣೆ.

ಕೊನೆಗೆ ಕೆಲಸಕ್ಕೆ ಬಂದದ್ದು ದನದ ಕೊಟ್ಟಿಗೆಯಲ್ಲಿ ನೇತುಹಾಕಿದ್ದ ಸಾಮಾನ್ಯ ಟಾರ್ಚ್. ಕೋಣೆ ಕತ್ತಲು ಮಾಡಿ, ಪುಟದ ಅಂಚಿಗೆ ಟಾರ್ಚನ್ನು ಹೆಚ್ಚುಕಡಿಮೆ ಮಲಗಿಸಿ, ಓರೆ ಬೆಳಕು ಬಿಟ್ಟಾಗ, ಶಾಯಿ ಹೋದಲ್ಲಿಯೂ ಟಾಕಿನ ಮೊನೆ ಕಾಗದವನ್ನು ಒತ್ತಿದ ಗೆರೆಗಳು ಉತ್ತ ಹೊಲದ ಸಾಲುಗಳಂತೆ ಎದ್ದು ನಿಂತವು. ಕೊನೆಯ ಪದ ‘ಗಂಡು’. ಮೂವತ್ತು ಹಣವನ್ನು ಬಿಟ್ಟು ಗಂಡನ್ನು ಪಡೆಯುವ ವ್ಯವಹಾರ ಯಾವುದೆಂದು ಒಂದು ಕ್ಷಣ ಗಾಬರಿಯಾದರೂ, ‘ಇಂಥವರಿಗೆ ಗಂಡು’ ಎಂದರೆ ಜನನದ ಉಲ್ಲೇಖವೇ ಎಂದು ಹೊಳೆಯಿತು. ಹಾಗಾದರೆ ‘ಹಣ ಬಿಡುವ ವೇಳೆ’ ಎಂದರೇನು? ‘ಹ’ದ ಎಡಕ್ಕಿರುವ ತೂತಿನ ಕೆಳ ಅಂಚಿನಲ್ಲಿ ಒತ್ತಕ್ಷರದ ಬಾಲದಂಥ ಒಂದು ಕೊಕ್ಕೆ ಉಳಿದಿತ್ತು. ಅದು ‘ಗ್ರ’ದ ಕೊಕ್ಕೆ. ಹುಳು ತಿಂದದ್ದು ಒಂದೇ ಅಕ್ಷರ: ಹಣವಲ್ಲ, ಗ್ರಹಣ. ಗ್ರಹಣ ಬಿಡುವ ವೇಳೆಗೆ ಗಂಡುಮಗು ಹುಟ್ಟಿದೆ.

ಉಳಿದದ್ದನ್ನು ಅಜ್ಜಿ ಪಲ್ಯಕ್ಕೆ ಒಗ್ಗರಣೆ ಹಾಕುತ್ತಲೇ ಬಿಡಿಸಿಕೊಟ್ಟರು. ಮಂದವಾರವೆಂದರೆ ಶನಿವಾರ; ಶನಿ ಮಂದಗತಿಯವನಾದ್ದರಿಂದ ಆ ಹೆಸರು. ‘ಬ|| ೩೦’ ಎಂದರೆ ಬಹುಳದ ಅಮಾವಾಸ್ಯೆ. ಪಂಚಾಂಗದಲ್ಲಿ ಅಮಾವಾಸ್ಯೆಗೆ 30 ಎಂದೇ ಬರೆಯುತ್ತಾರೆ, ಹುಣ್ಣಿಮೆಗೆ 15. ಅಡುಗೆಮನೆಯ ಗೋಡೆಗೆ ನೇತುಹಾಕಿದ ಕ್ಯಾಲೆಂಡರಿನಲ್ಲಿ ಅದು ಪ್ರತಿ ತಿಂಗಳೂ ಇತ್ತು. ನಾನು ಅದರಲ್ಲಿ ರಜೆಗಳನ್ನು ಮಾತ್ರ ನೋಡುತ್ತಿದ್ದೆ.

ಈಗ ಸಂವತ್ಸರದ ಪ್ರಶ್ನೆ. ಅರವತ್ತು ಹೆಸರುಗಳಲ್ಲಿ ‘ಳಂಬಿ’ ಎಂದು ಮುಗಿಯುವವು ಎರಡೇ: ಹೇವಿಳಂಬಿ ಮತ್ತು ಅದರ ಮರುವರ್ಷದ ವಿಳಂಬಿ. ಇವು 1837 ಮತ್ತು 1838, 1897 ಮತ್ತು 1898, 1957 ಮತ್ತು 1958ರಲ್ಲಿ ಆರಂಭವಾದವು. 1837ಕ್ಕೆ ಶಕವರ್ಷ 1759 ಆಗುವುದರಿಂದ ‘೧೮’ ಹೊಂದುವುದಿಲ್ಲ. 1957ರಲ್ಲಿ ಅಜ್ಜ ಆಗಲೇ ಹುಣಸೆಮರ ಹತ್ತಿ ಬೀಳುವಷ್ಟು ದೊಡ್ಡವರಾಗಿದ್ದರು. ಉಳಿದದ್ದು ಶಕೆ 1819 ಇಲ್ಲವೇ 1820. ತೂತಿನ ಅಗಲವನ್ನು ಅಳೆದು, ಅದೇ ಕೈಬರಹದ ಬೇರೆ ಅಕ್ಷರಗಳೊಂದಿಗೆ ಹೋಲಿಸಿ, ಅಲ್ಲಿ ‘೧೯ ಹೇವಿ’ ಹಿಡಿಸುತ್ತದೆಯೋ ‘೨೦ ವಿ’ ಹಿಡಿಸುತ್ತದೆಯೋ ಎಂದು ನೋಡುವ ವೈಜ್ಞಾನಿಕ ಪ್ರಯತ್ನವನ್ನೂ ಮಾಡಿದೆ. ಬರೆದವರು ಒಂದು ಸಾಲಿನಲ್ಲಿ ಅಕ್ಷರಗಳನ್ನು ಹಿಗ್ಗಿಸಿ, ಇನ್ನೊಂದರಲ್ಲಿ ಜಾಗವಿಲ್ಲದೆ ಕುಗ್ಗಿಸಿದ್ದರಿಂದ ಎರಡೂ ಸಲೀಸಾಗಿ ಹಿಡಿಸಿದವು.

ನಮ್ಮ ಮನೆತನದ ಹೆಳವರ ಸಾಕ್ಷ್ಯ ವಿಳಂಬಿಯ ಕಡೆಗಿತ್ತು. ಹಿಂದೆ ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ಬಂದು, ಬಾಗಿಲಲ್ಲಿ ನಿಂತು ತಲೆಮಾರುಗಳ ಹೆಸರು ಹೇಳಿ ಕಾಳು ಪಡೆಯುತ್ತಿದ್ದವರ ವಂಶದವರೇ ಈಗ ಮೋಟಾರ್ ಸೈಕಲ್ಲಿನಲ್ಲಿ ಬರುತ್ತಾರೆ, ವಂಶಾವಳಿಯ ಹೊತ್ತಿಗೆ ಮಾತ್ರ ತಪ್ಪದೆ ಜೊತೆಗಿರುತ್ತದೆ. ಅವರ ಹೊತ್ತಿಗೆಯಲ್ಲಿ ಅಜ್ಜನ ಅಜ್ಜನ ಹೆಸರಿನ ಮುಂದೆ ‘ಪ್ಲೇಗಿನ ಕೂಸು’ ಎಂದಿದೆ. ಮುಂಬಯಿಯಲ್ಲಿ 1896ರಲ್ಲಿ ಕಾಣಿಸಿಕೊಂಡ ಪ್ಲೇಗು 1898ರಲ್ಲಿ ಹುಬ್ಬಳ್ಳಿಯನ್ನೂ ಬೆಂಗಳೂರನ್ನೂ ಹಿಡಿಯಿತು. ಆದ್ದರಿಂದ ವಿಳಂಬಿಯೇ ಸರಿಯೆಂದು ಅಪ್ಪ, ಅಜ್ಜ, ಹೆಳವರು ಮೂವರೂ ಒಂದು ಕಡೆಯಾದರು. ನನ್ನ ಬಳಿ ಇದ್ದದ್ದು ಒಂದು ಗ್ರಹಣ ಮತ್ತು ಒಂದು ಶನಿವಾರ.

ಗ್ರಹಣಗಳ ಪಟ್ಟಿಯನ್ನು ನಾಸಾ ಸಂಸ್ಥೆ ಸಾವಿರಾರು ವರ್ಷಗಳ ಮಟ್ಟಿಗೆ ಲೆಕ್ಕಹಾಕಿ ಇಟ್ಟಿದೆ. ಅಮಾವಾಸ್ಯೆಯಾದ್ದರಿಂದ ಸೂರ್ಯಗ್ರಹಣವೇ ಆಗಬೇಕು. ಪುಷ್ಯವಾದ್ದರಿಂದ ಜನವರಿ ಅಥವಾ ಫೆಬ್ರವರಿ. ಹೇವಿಳಂಬಿ 1897 ಎಂದು 1897ನ್ನೇ ತೆರೆದು ನೋಡಿದರೆ, ಫೆಬ್ರವರಿ 1ರಂದು ಕಂಕಣ ಸೂರ್ಯಗ್ರಹಣ! ಆ ಸಂಜೆ ನಾನು ಮನೆಯಲ್ಲಿ ನಡೆದ ರೀತಿಯನ್ನು ತಂಗಿ ಇನ್ನೂ ಅಣಕಿಸುತ್ತಾಳೆ. ಮರುದಿನ ವಾರ ನೋಡಿದರೆ ಸೋಮವಾರ. ಅಲ್ಲದೆ ಆ ಗ್ರಹಣ ನಡೆದದ್ದು ಪೆಸಿಫಿಕ್ ಸಾಗರದ ಕಡೆ, ನಮ್ಮಲ್ಲಿ ಆಗ ನಡುರಾತ್ರಿ. ನಮ್ಮ ಹಳ್ಳಿಯಲ್ಲಿ ಯಾರೂ ಅದು ‘ಬಿಡುವ ವೇಳೆ’ಯನ್ನು ಕಂಡಿರಲಾರರು. ವಿಳಂಬಿಯನ್ನು ಪರೀಕ್ಷಿಸಿದರೆ, ಅದರ ಪುಷ್ಯದ ಅಮಾವಾಸ್ಯೆ ಬೀಳುವುದು 1899ರ ಫೆಬ್ರವರಿ 10ರಂದು, ಶುಕ್ರವಾರ. ಅಂದು ಗ್ರಹಣವೇ ಇಲ್ಲ. ಎರಡೂ ಬಾಗಿಲು ಮುಚ್ಚಿದವು. ಹೆಚ್ಚುಕಡಿಮೆ ಹತ್ತು ದಿನ ಆ ಪುಸ್ತಕವನ್ನು ಮುಟ್ಟಲಿಲ್ಲ.

ಆ ಹತ್ತು ದಿನಗಳಲ್ಲಿ ಹುಟ್ಟಿದ್ದೇ ಮುಂದಿನ ಯೋಜನೆ, ಅದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಹೆಳವರ ಹೊತ್ತಿಗೆಯಲ್ಲಿ ಗಂಡುಮಕ್ಕಳ ಸಾಲು ಮಾತ್ರ ಉದ್ದವಾಗಿ ಸಾಗುತ್ತದೆ, ಕಿರ್ದಿಯಲ್ಲಿಯೂ ‘ಇಂಥವರಿಗೆ ಗಂಡು’ ಎಂದಿದೆಯೇ ಹೊರತು ಹೆತ್ತವಳ ಹೆಸರಿಲ್ಲ. ಆದರೆ ಅಜ್ಜಿಯ ಪೆಟ್ಟಿಗೆಯಲ್ಲಿ ಮೂರು ಕೌದಿಗಳಿವೆ, ಅವುಗಳ ಪ್ರತಿ ತುಂಡೂ ಯಾರದೋ ಸೀರೆ, ಯಾರದೋ ಕುಬಸ. ಇದು ನನ್ನ ಅತ್ತೆಯ ಇಳಕಲ್ ಸೀರೆಯ ಸೆರಗು, ಇದು ಬಾಣಂತಿತನದಲ್ಲಿ ತೀರಿಕೊಂಡ ನೆಗೆಣ್ಣಿಯದು ಎಂದು ಅಜ್ಜಿ ಬೆರಳಿಟ್ಟು ಹೇಳುತ್ತಾರೆ. ಪ್ರತಿ ತುಂಡಿಗೂ ಸಂಖ್ಯೆ ಕೊಟ್ಟು, ಚಿತ್ರ ತೆಗೆದು, ಅಜ್ಜಿಯ ಮಾತನ್ನು ಜೋಡಿಸಿದರೆ ಮನೆಯ ಹೆಂಗಸರ ವಂಶಾವಳಿಯೇ ಸಿಗಬಹುದು. ಇದು ಬೇಸಿಗೆ ರಜೆಯ ಕೆಲಸ. ಅಷ್ಟರೊಳಗೆ ಕೌದಿಯನ್ನು ಒಗೆಯಬಾರದೆಂದು ಅವ್ವನಿಗೆ ಹೇಳಿದ್ದೇನೆ, ಅವ್ವ ಇನ್ನೂ ಒಪ್ಪಿಲ್ಲ.

ಗಂಟು ಬಿಚ್ಚಿದ್ದು ನಮ್ಮ ಶಾಲೆಯ ಫಲಕದಿಂದ. ಅಲ್ಲಿ ‘2025–26’ ಎಂದು ಶೈಕ್ಷಣಿಕ ವರ್ಷವನ್ನು ಬರೆದಿದ್ದರು. ಜೂನಿನಲ್ಲಿ ಆರಂಭವಾಗುವ ವರ್ಷದ ಜನವರಿ ಮುಂದಿನ ಇಸವಿಯಲ್ಲಿ ಬೀಳುವಂತೆ, ಯುಗಾದಿಯಿಂದ ಆರಂಭವಾಗುವ ಸಂವತ್ಸರದ ಪುಷ್ಯವೂ ಮುಂದಿನ ಇಸವಿಯಲ್ಲಿಯೇ ಬೀಳಬೇಕು. ವಿಚಿತ್ರವೆಂದರೆ ವಿಳಂಬಿಗೆ ನಾನು ಸರಿಯಾಗಿಯೇ 1899ನ್ನು ನೋಡಿದ್ದೆ, ಏಕೆಂದರೆ ಅದನ್ನು ಪಂಚಾಂಗದ ಕೋಷ್ಟಕದಿಂದ ತೆಗೆದಿದ್ದೆ. ಹೇವಿಳಂಬಿಯನ್ನು ಮಾತ್ರ ಆತುರದಲ್ಲಿ ಬಾಯಿಲೆಕ್ಕದಿಂದ ತೆಗೆದಿದ್ದೆ. 1897ರ ಫೆಬ್ರವರಿ ಇನ್ನೂ ದುರ್ಮುಖಿ ಸಂವತ್ಸರ. ನಾನು ನೋಡಬೇಕಾಗಿದ್ದದ್ದು 1898ರ ಜನವರಿಯನ್ನು.

1898ರ ಜನವರಿ 22. ಪುಷ್ಯ ಬಹುಳ ಅಮಾವಾಸ್ಯೆ. ಶನಿವಾರ. ಅಂದು ಪೂರ್ಣ ಸೂರ್ಯಗ್ರಹಣ, ಅದೂ ಭಾರತದ ಮೇಲೆಯೇ: ನೆರಳು ಕೊಂಕಣ ತೀರದಲ್ಲಿ ನೆಲಕ್ಕಿಳಿದು ಈಶಾನ್ಯಕ್ಕೆ ಸಾಗಿತ್ತು. ಅದನ್ನು ನೋಡಲೆಂದೇ ಇಂಗ್ಲೆಂಡಿನ ಖಗೋಳವಿಜ್ಞಾನಿ ನಾರ್ಮನ್ ಲಾಕಿಯರ್ ಅದೇ ತೀರದ ವಿಜಯದುರ್ಗದಲ್ಲಿ ತಂಡದೊಂದಿಗೆ ಬೀಡುಬಿಟ್ಟಿದ್ದರು. ರಾಣೆಬೆನ್ನೂರಿನ ಕಡೆ ಅದು ಪೂರ್ಣವಾಗಿರದಿದ್ದರೂ ನಡುಹಗಲಿನಲ್ಲಿ ಸೂರ್ಯನ ಬಹುಭಾಗ ಮರೆಯಾಗಿತ್ತು. ಗರ್ಭಿಣಿಯರನ್ನು ಗ್ರಹಣದ ನೆರಳು ಸೋಕದಂತೆ ಒಳಗೆ ಕೂರಿಸುವ ಮನೆಯಲ್ಲಿ, ಗ್ರಹಣ ಬಿಡುತ್ತಿರುವಾಗಲೇ ಮಗು ಹುಟ್ಟಿದರೆ ಎಂಥ ಗಲಿಬಿಲಿಯಾಗಿರಬೇಡ! ಬೇರೆ ಯಾವ ಮಗುವಿನ ಜನನವನ್ನೂ ಬರೆಯದ ಲೆಕ್ಕದ ಪುಸ್ತಕದಲ್ಲಿ ಇದೊಂದನ್ನು ಗಳಿಗೆ ಸಮೇತ ಬರೆದಿರುವುದಕ್ಕೆ ಕಾರಣ ಅದೇ ಇರಬೇಕು. ಎರಡು ಸಾಲು ಕೆಳಗೆ ‘ಎಳ್ಳು’ ಎಂಬ ಖರ್ಚಿದೆ. ಅದನ್ನು ನಾನು ಕಿರಾಣಿಯ ಲೆಕ್ಕದಲ್ಲಿ ಸೇರಿಸಿದ್ದೆ, ಈಗ ಅದು ಶಾಂತಿಯ ಖರ್ಚೆಂದು ನನ್ನ ಊಹೆ.

ಹೆಳವರ ಮಾತೂ ಪೂರ್ತಿ ಸುಳ್ಳಲ್ಲ. 1898ರ ಮಳೆಗಾಲದ ಹೊತ್ತಿಗೆ ಪ್ಲೇಗಿನ ಭಯಕ್ಕೆ ಊರು ಬಿಟ್ಟು ಹೊಲದ ಗುಡಿಸಲಿಗೆ ಹೋದದ್ದನ್ನು ನಮ್ಮ ಮನೆಯಲ್ಲಿ ಎಲ್ಲರೂ ಕೇಳಿದ್ದಾರೆ. ಆಗ ಆ ಕೂಸಿಗೆ ಆರೇಳು ತಿಂಗಳು. ಹುಟ್ಟಿದ ಗ್ರಹಣ ಮರೆತುಹೋಗಿ, ಬೆಳೆದ ಗುಡಿಸಲು ನೆನಪಿನಲ್ಲಿ ಉಳಿಯಿತು. ಗ್ರಾಂಪ್ಸ್‌ನಲ್ಲಿ ‘1900ಕ್ಕಿಂತ ಮೊದಲು’ ಎಂದಿದ್ದುದನ್ನು ಅಳಿಸಿ ಪೂರ್ಣ ದಿನಾಂಕ ತುಂಬಿದ್ದೇನೆ, ಹೆಳವರ ಪಾಠವನ್ನು ಟಿಪ್ಪಣಿಯಲ್ಲಿ ಹಾಗೆಯೇ ಉಳಿಸಿದ್ದೇನೆ. ಸುದ್ದಿ ಕೇಳಿ ಅಜ್ಜ ಬಹಳ ಹೊತ್ತು ಸುಮ್ಮನಿದ್ದು, ‘ಅಂದರ ಆ ಮೂವತ್ತು ಹಣ ಯಾರಿಗೂ ಕೊಡೂದಿಲ್ಲಲ್ಲಾ?’ ಎಂದು ಕೇಳಿ ಖಚಿತಪಡಿಸಿಕೊಂಡರು.

ಅದೇ ಕೈಬರಹದಲ್ಲಿ ನಾಲ್ಕು ಪುಟಗಳ ಮುಂದೆ ಇನ್ನೊಂದು ಸಾಲು ಸಿಕ್ಕಿದೆ. ಓರೆ ಬೆಳಕಿನಲ್ಲಿ ‘ಹೆಣ್ಣು’ ಎಂಬ ಪದ ಸ್ಪಷ್ಟವಾಗಿ ಕಾಣುತ್ತದೆ, ವಾರ ‘ಸೌಮ್ಯ’, ಎಂದರೆ ಬುಧವಾರವೆಂದು ಈ ಸಲ ಮೊದಲೇ ಅಜ್ಜಿಯನ್ನು ಕೇಳಿಕೊಂಡಿದ್ದೇನೆ. ಸಂವತ್ಸರದ ಹೆಸರಿನಲ್ಲಿ ಹುಳು ಉಳಿಸಿರುವುದು ‘ರಿ’ ಒಂದೇ. ವಿಕಾರಿಯೂ ಆಗಬಹುದು, ಶಾರ್ವರಿಯೂ ಆಗಬಹುದು. ತಿಥಿ ಪಂಚಮಿಯಾದ್ದರಿಂದ ಗ್ರಹಣದ ಆಸೆಯೂ ಇಲ್ಲ.